ಹೆಸರು ಒಂದೇ ಹೈಬ್ರಿಡ್ಡು, ಒಳಗಿರೋ ಯಂತ್ರ ಬೇರೆಬೇರೆ

ಹೋದ ತಿಂಗಳು ನಮ್ಮ ಗ್ಯಾರೇಜಿಗೆ ಒಬ್ರು ಡಾಕ್ಟರು ಬಂದಿದ್ರು, ಕೈಯಲ್ಲಿ ನಾಲ್ಕು ಬ್ರೋಷರು. ಲೆಕ್ಸಸ್ ಇಎಸ್ 300ಎಚ್, ಮರ್ಸಿಡಿಸ್ ಇ-ಕ್ಲಾಸ್, ಬಿಎಂಡಬ್ಲ್ಯೂ 530ಎಲ್‌ಐ, ಆಡಿ ಎ6. ನಾಲ್ಕರಲ್ಲೂ ಹೈಬ್ರಿಡ್ ಅನ್ನೋ ಪದ ಇದೆ, ಎಲ್ಲಾ ಹೈಬ್ರಿಡ್ಡೇ ಆದ್ಮೇಲೆ ನೋಡೋಕೆ ಚೆನ್ನಾಗಿರೋದನ್ನ ತಗೋಬಹುದಲ್ವಾ ಅಂತ ಕೇಳಿದ್ರು. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾರಿನ ಕೆಳಗೇ ಮಲಗಿ ಕೆಲಸ ಮಾಡಿರೋನು ನಾನು, ನಂಗೆ ಒಂದ್ ನಿಮಿಷ ಉತ್ತರ ಹೊಳೀಲಿಲ್ಲ. ಡಾಕ್ಟರು ಕೇಳಿದ್ರಲ್ಲಿ ತಪ್ಪಿಲ್ಲ, ಒಂದೇ ಪದಾನ ಮೂರು ಬೇರೆಬೇರೆ ಯಂತ್ರಕ್ಕೆ ಅಂಟಿಸಿ ಮಾರ್ತಿರೋದೇ ತಪ್ಪು. ಅದಕ್ಕೇ ಇವತ್ತು ನಾನು ಯಾವ ಕಾರು ಒಳ್ಳೇದು ಅಂತ ಶುರು ಮಾಡಲ್ಲ, ಮೊದ್ಲು ಬಾನೆಟ್ ಒಳಗೆ ಏನಿದೆ ಅಂತ ನೋಡೋಣ, ಆಮೇಲೆ ನೀವು ದಿನಾ ಓಡಾಡೋ ರಸ್ತೆ ಯಾವ್ದು ಅಂತ ನೋಡೋಣ, ಅಷ್ಟು ಗೊತ್ತಾದ್ರೆ ಕಾರು ತಾನಾಗೇ ಗೊತ್ತಾಗುತ್ತೆ.

ಜರ್ಮನ್ ಕಾರುಗಳಿಂದ ಶುರು ಮಾಡ್ತೀನಿ. ಈಗಿನ ಉದ್ದ ವೀಲ್‌ಬೇಸ್ (ಅಂದ್ರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರೋ ಅಂತರ) ಇ-ಕ್ಲಾಸ್ ನಮ್ಮಲ್ಲಿ 2024ರ ಅಕ್ಟೋಬರಲ್ಲಿ ಬಂತು, ಪುಣೆ ಹತ್ರ ಚಾಕಣದಲ್ಲಿ ಜೋಡಿಸ್ತಾರೆ, ಆಗ ಇ 200 ಶುರುವಾಗಿದ್ದು 78.5 ಲಕ್ಷಕ್ಕೆ. ಅದೇ ವರ್ಷ ಜುಲೈಯಲ್ಲಿ ಬಿಎಂಡಬ್ಲ್ಯೂ 530ಎಲ್‌ಐ ಬಂದಿತ್ತು, 72.9 ಲಕ್ಷ, ಅದನ್ನ ಜೋಡಿಸೋದು ಚೆನ್ನೈಯಲ್ಲಿ. ಎರಡರಲ್ಲೂ ಇರೋದು 48 ವೋಲ್ಟ್ ಮೈಲ್ಡ್ ಹೈಬ್ರಿಡ್. ಅಂದ್ರೆ ಹಳೇ ಕಾಲದ ಸ್ಟಾರ್ಟರ್ ಮೋಟರು ಮತ್ತೆ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರು ಎರಡನ್ನೂ ಸೇರಿಸಿ ಒಂದೇ ದೊಡ್ಡ ಮೋಟರ್ ಮಾಡಿ, ಅದಕ್ಕೊಂದು ಸಣ್ಣ 48 ವೋಲ್ಟ್ ಬ್ಯಾಟರಿ ಕೊಟ್ಟಿದ್ದಾರೆ. ಮರ್ಸಿಡಿಸಲ್ಲಿ ಆ ಮೋಟರು 23 ಹಾರ್ಸ್‌ಪವರು, 205 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸೋ ಬಲ) ತನಕ ಎಂಜಿನ್ನಿಗೆ ಕೈಜೋಡಿಸುತ್ತೆ. ಸಿಗ್ನಲ್ಲಲ್ಲಿ ಆಫ್ ಆದ ಎಂಜಿನ್ ಮತ್ತೆ ಶುರುವಾಗೋದು ಕಾಲಿಗೆ ಗೊತ್ತೇ ಆಗಲ್ಲ, ಎಂಜಿನ್ನಿಗೆ ಗಾಳಿ ಒತ್ತಿ ತುಂಬೋ ಟರ್ಬೋ ಎಚ್ಚರ ಆಗೋ ಮುಂಚೆ ಆಗ್ತಿದ್ದ ಆ ಒಂದು ಕ್ಷಣದ ತಡ ಇರಲ್ಲ, ಹೈವೇಲಿ ಆಕ್ಸಿಲರೇಟರಿಂದ ಕಾಲು ತೆಗೆದ್ರೆ ಎಂಜಿನ್ ಆಫ್ ಮಾಡ್ಕೊಂಡು ತೇಲ್ಕೊಂಡು ಹೋಗುತ್ತೆ. ಬಹಳ ಅಚ್ಚುಕಟ್ಟಾದ ಕೆಲಸ ಅದು, ನಂಗೆ ಇಷ್ಟ. ಆದ್ರೆ ಎಂಜಿನ್ ನಿಲ್ಲಿಸಿ ಬರೀ ಆ ಮೋಟರಿನ ಬಲದ ಮೇಲೆ ಮನೆಯಿಂದ ತರಕಾರಿ ಅಂಗಡಿ ತನಕ ಹೋಗೋಕಾಗಲ್ಲ. ಆಡಿ ಎ6ರ ಪೆಟ್ರೋಲಲ್ಲಿ ಇದೇ ಐಡಿಯಾ, ಇನ್ನೂ ಚಿಕ್ಕದು, 12 ವೋಲ್ಟಿಂದು. ನಮ್ಮ ಹೊಸಕೋಟೆಯಲ್ಲಿ ಜೋಡಿಸ್ತಿದ್ದ ವೋಲ್ವೋ ಎಸ್90 ನಿಮ್ಮಲ್ಲಿ ಯಾರದ್ದಾದ್ರೂ ಮನೇಲಿ ಇದ್ರೆ ಅದೂ 48 ವೋಲ್ಟೇ, ಅದರಲ್ಲಿ ಮೋಟರು ಎಂಜಿನ್ನಿಗೆ ಬೆಲ್ಟಲ್ಲಿ ಸೇರ್ಕೊಂಡಿರುತ್ತೆ.

ಈಗ ಲೆಕ್ಸಸ್. ಇದು ಸ್ಟ್ರಾಂಗ್ ಹೈಬ್ರಿಡ್, ಅಂದ್ರೆ ಎಂಜಿನ್ ನಿಲ್ಲಿಸಿ ಬರೀ ಮೋಟರ್ ಮೇಲೂ ಓಡೋ ಥರದ್ದು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡ್ತೀನಿ, ಯಾಕಂದ್ರೆ ನನ್ನ ಮನಸ್ಸಿರೋದು ಅಲ್ಲೇ.

ಮುಂದಿನ ಸಾಲಲ್ಲಿ ಕೂತಿರೋರ ಕೈಗೆ ಒಂದು ಗೇರ್ ಸೆಟ್ ಕೊಟ್ಟಿದ್ದೀನಿ, ಗುಜರಿಯಿಂದ ತಂದು ಸೀಮೆಎಣ್ಣೇಲಿ ತೊಳೆದಿಟ್ಟಿದ್ದು, ತಿರುಗಿಸಿ ನೋಡಿ ಹಿಂದಿನವರಿಗೆ ದಾಟಿಸ್ತಾ ಬನ್ನಿ. ನಡುವೆ ಇರೋ ಹಲ್ಲುಚಕ್ರಕ್ಕೆ ಸೂರ್ಯ ಅಂತಾರೆ, ಅದರ ಸುತ್ತ ಓಡೋ ಚಿಕ್ಕವು ಗ್ರಹಗಳು, ಆ ಗ್ರಹಗಳನ್ನ ಹಿಡ್ಕೊಂಡಿರೋ ಚೌಕಟ್ಟು ಒಂದು, ಎಲ್ಲಾದಕ್ಕೂ ಹೊರಗಡೆ ಒಂದು ಬಳೆ. ಈಗ ಹೊರಗಿನ ಬಳೇನ ಗಟ್ಟಿಯಾಗಿ ಹಿಡ್ಕೊಂಡು ಚೌಕಟ್ಟು ತಿರುಗಿಸಿ, ಸೂರ್ಯ ಜೋರಾಗಿ ಸುತ್ತುತ್ತೆ ಅಲ್ವಾ? ಅದು ಕಾರು ಸಿಗ್ನಲ್ಲಲ್ಲಿ ನಿಂತಿರೋವಾಗ ಎಂಜಿನ್ ಓಡ್ತಾ ಬ್ಯಾಟರಿ ತುಂಬಿಸೋ ಸ್ಥಿತಿ. ಚೌಕಟ್ಟಿಗೆ ಎಂಜಿನ್ನು, ಸೂರ್ಯನಿಗೆ ಒಂದು ಜನರೇಟರು, ಬಳೆ ಕಡೆಗೆ ಚಕ್ರಗಳು ಮತ್ತೆ ದೊಡ್ಡ ಮೋಟರು. ಈಗ ಚೌಕಟ್ಟನ್ನ ಹಿಡ್ಕೊಂಡು ಬಳೆ ತಿರುಗಿಸಿ. ಸೂರ್ಯ ಹಿಂದಕ್ಕೆ ಸುಮ್ನೆ ಸುತ್ತುತ್ತೆ, ಚೌಕಟ್ಟು ಅಲ್ಲಾಡಲ್ಲ. ಅಂದ್ರೆ ಎಂಜಿನ್ ಪೂರ್ತಿ ನಿಂತಿದೆ, ಕಾರು ಮೋಟರ್ ಮೇಲೆ ಓಡ್ತಿದೆ. ಮಧ್ಯದಲ್ಲಿ ಕ್ಲಚ್ ಇಲ್ಲ, ಟಾರ್ಕ್ ಕನ್ವರ್ಟರ್ ಇಲ್ಲ, ಗೇರ್ ಬದಲಾಯಿಸೋ ತಾಪತ್ರಯ ಇಲ್ಲ, ಬೇರೆ ಸ್ಟಾರ್ಟರ್ ಮೋಟರೂ ಇಲ್ಲ. ಹಲ್ಲುಗಳು ಯಾವತ್ತೂ ಒಂದಕ್ಕೊಂದು ಬಿಡೋದೇ ಇಲ್ಲ, ಯಾರು ತಳ್ತಾರೆ ಯಾರು ನಿಲ್ತಾರೆ ಅನ್ನೋದಷ್ಟೇ ಬದಲಾಗುತ್ತೆ. ಲೆಕ್ಸಸ್ ಟೊಯೊಟಾದವರದ್ದೇ ಬ್ರ್ಯಾಂಡು, 1997ರಲ್ಲಿ ಬಂದ ಅವರ ಹೈಬ್ರಿಡ್ ಕಾರು, ಮೊದಲ ಪ್ರಿಯಸ್‌ನಲ್ಲಿ ಸೂರ್ಯನಿಗೆ 30 ಹಲ್ಲು, ಬಳೆಗೆ 78. ಎಂಜಿನ್ ಕೊಡೋ ಟಾರ್ಕಲ್ಲಿ ನೂರಕ್ಕೆ 72 ಭಾಗ ನೇರ ಚಕ್ರದ ಕಡೆ, 28 ಭಾಗ ಜನರೇಟರ್ ಕಡೆ, ಆ ಹಂಚಿಕೆ ಮಾಡೋದು ಯಾವ ಕಂಪ್ಯೂಟರೂ ಅಲ್ಲ, ಆ ಹಲ್ಲಿನ ಲೆಕ್ಕವೇ. ನಾನು ಇದನ್ನ ಮೊದಲ ಸಲ ಬಿಚ್ಚಿ ಮೇಜಿನ ಮೇಲೆ ಇಟ್ಟಾಗ ಅರ್ಧ ಗಂಟೆ ಸುಮ್ನೆ ತಿರುಗಿಸ್ತಾ ಕೂತಿದ್ದೆ, ಇಷ್ಟು ಸರಳ ಇದ್ಯಲ್ಲ ಅಂತ ಮನಸ್ಸು ತುಂಬಿ ಬಂತು.

ಎಂಜಿನ್ನೂ ಬೇರೆ ಥರದ್ದು. 2,487 ಸಿಸಿ, ನಾಲ್ಕು ಸಿಲಿಂಡರು, ಟರ್ಬೋ ಇಲ್ಲ. ಒಳಕ್ಕೆ ಗಾಳಿ ಎಳ್ಕೊಂಡ ಮೇಲೆ ಪಿಸ್ಟನ್ ಮೇಲೆ ಬರೋಕೆ ಶುರು ಮಾಡಿದ್ರೂ ವಾಲ್ವ್ ಇನ್ನೊಂಚೂರು ಹೊತ್ತು ತೆರೆದೇ ಇರುತ್ತೆ, ಸ್ವಲ್ಪ ಗಾಳಿ ವಾಪಸ್ ಹೋಗುತ್ತೆ. ಇದಕ್ಕೆ ಆಟ್ಕಿನ್ಸನ್ ಸೈಕಲ್ ಅಂತಾರೆ. ಬಲ ಕಮ್ಮಿ ಆಗುತ್ತೆ, ಆದ್ರೆ ಉರಿದ ಪೆಟ್ರೋಲಿಂದ ಜಾಸ್ತಿ ಕೆಲಸ ಸಿಗುತ್ತೆ, ಟೊಯೊಟಾ ಹೇಳೋ ಪ್ರಕಾರ ಪೆಟ್ರೋಲಿನ ಶಕ್ತಿಯಲ್ಲಿ ಗರಿಷ್ಠ 41 ಪರ್ಸೆಂಟ್ ತನಕ ಕೆಲಸಕ್ಕೆ ಬರುತ್ತೆ. ಆ ಕಮ್ಮಿ ಆದ ಬಲಾನ ಮೋಟರು ತುಂಬ್ಕೊಡುತ್ತೆ, ಎರಡೂ ಸೇರಿ 218 ಪಿಎಸ್ (ಹಾರ್ಸ್‌ಪವರ್ ಥರದ್ದೇ ಅಳತೆ). ಆಟ್ಕಿನ್ಸನ್ ಎಂಜಿನ್ ಒಂದೇ ಹಾಕಿದ್ರೆ ಕಾರು ಎತ್ತಿನಗಾಡಿ ಥರ ಹೊರಡುತ್ತೆ, ಮೋಟರ್ ಒಂದೇ ಹಾಕಿದ್ರೆ ದೊಡ್ಡ ಬ್ಯಾಟರಿ ಹೊರಬೇಕು, ಈ ಜೋಡಿ ಇದ್ಯಲ್ಲ ಇದು ಒಂದರ ಕೊರತೇನ ಇನ್ನೊಂದು ಮುಚ್ಚೋ ಥರ ಇದೆ.

ಇನ್ನು ಬ್ಯಾಟರಿ ಗಾತ್ರ. ಕರೆಂಟ್ ಬಿಲ್ಲಲ್ಲಿ ಯೂನಿಟ್ ಅಂತ ಬರುತ್ತಲ್ಲ, ಆ ಲೆಕ್ಕದಲ್ಲಿ ಇಎಸ್ ಬ್ಯಾಟರಿ ಎರಡು ಯೂನಿಟ್ ಕೂಡ ಹಿಡಿಯಲ್ಲ. ಹಾಗಿದ್ರೆ ಅದರಿಂದ ಏನು ಪ್ರಯೋಜನ ಅಂತ ಬಹಳ ಜನ ಕೇಳ್ತಾರೆ. ಅದು ಟ್ಯಾಂಕ್ ಥರ ಅಲ್ಲ, ಜೇಬಲ್ಲಿರೋ ಚಿಲ್ಲರೆ ಥರ, ಬ್ರೇಕ್ ಒತ್ತಿದಾಗ ಬರುತ್ತೆ, ಹೊರಡುವಾಗ ಖರ್ಚಾಗುತ್ತೆ, ದಿನಕ್ಕೆ ನೂರು ಸಲ ಬಂದು ಹೋಗುತ್ತೆ. ಅದಕ್ಕೇ ಪ್ಲಗ್ ಬೇಡ.

ಸರಿ, ರಸ್ತೆಗೆ ಬನ್ನಿ. ನಮಗೆಲ್ಲ ಗೊತ್ತಿರೋ ದಾರೀನೇ ತಗೊಳ್ಳೋಣ, ಮೈಸೂರಿಂದ ಬೆಂಗಳೂರು. 2023ರ ಮಾರ್ಚಲ್ಲಿ ಉದ್ಘಾಟನೆ ಆದ ಈ ಎಕ್ಸ್‌ಪ್ರೆಸ್‌ವೇ ಮೇಲೆ ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಯಾವ ಊರ ಒಳಗೂ ಹೋಗೋ ಹಾಗಿಲ್ಲ, 100ರಲ್ಲಿ ಕ್ರೂಸ್ ಹಾಕಿದ್ರೆ ನಾಲ್ಕೂ ಕಾರು ಒಂದೇ ಥರ ಹಾಯಾಗಿ ಹೋಗ್ತವೆ. ಇಲ್ಲಿ ಹೈಬ್ರಿಡ್ ಅನ್ನೋದು ಹೆಚ್ಚು ಲೆಕ್ಕಕ್ಕೆ ಬರಲ್ಲ, ಎಂಜಿನ್ ಹೇಗಿದ್ರೂ ಓಡ್ತಾನೇ ಇರ್ಬೇಕು, ಬ್ರೇಕೂ ಹಾಕಲ್ಲ. ಲಾರಿ ಓವರ್‌ಟೇಕ್ ಮಾಡೋಕೆ ಜೋರಾಗಿ ಒತ್ತಿದ್ರೆ ಲೆಕ್ಸಸ್ ಎಂಜಿನ್ ಸದ್ದು ಒಮ್ಮೆಲೇ ಮೇಲೇರಿ ಅಲ್ಲೇ ನಿಂತ್ಬಿಡುತ್ತೆ, ಸ್ಪೀಡು ಆಮೇಲೆ ನಿಧಾನಕ್ಕೆ ಹತ್ತುತ್ತೆ, ಇಷ್ಟು ದುಡ್ಡಿನ ಕಾರಲ್ಲಿ ಆ ಸದ್ದು ನಂಗೆ ಇಷ್ಟ ಆಗಲ್ಲ. ಸೊನ್ನೆಯಿಂದ ನೂರಕ್ಕೆ ಇಎಸ್ 8.9 ಸೆಕೆಂಡು, 530ಎಲ್‌ಐ 6.5. ಓಡಿಸೋದ್ರಲ್ಲಿ ಖುಷಿ ಹುಡುಕೋರಿಗೆ ಹಿಂದಿನ ಚಕ್ರ ತಳ್ಳೋ ಬಿಎಂಡಬ್ಲ್ಯೂನೇ ಸರಿ, ಅದರಲ್ಲಿ ನಂಗೆ ಎರಡು ಮಾತಿಲ್ಲ.

ಈಗ ಕುಂಬಳಗೋಡು ದಾಟಿ ಕೆಂಗೇರಿ ಹತ್ರ ಬಂದ್ರಿ ಅಂತ ಇಟ್ಕೊಳ್ಳಿ, ಅಲ್ಲಿಂದ ನಾಯಂಡಹಳ್ಳಿ ತನಕ ನಿಮಗೆ ಗೊತ್ತೇ ಇದೆ, ಎರಡು ಕಾರಿನಷ್ಟು ಮುಂದೆ ಹೋಗೋದು, ನಿಲ್ಲೋದು, ಮತ್ತೆ ಎರಡು ಕಾರಿನಷ್ಟು. ಮೈಲ್ಡ್ ಹೈಬ್ರಿಡ್ ಕಾರಲ್ಲಿ ಪ್ರತಿ ಸಲ ಕಾರು ಅಲ್ಲಾಡೋಕೆ ಎಂಜಿನ್ ಶುರು ಆಗ್ಲೇಬೇಕು. ಲೆಕ್ಸಸ್ಸಲ್ಲಿ ಎಂಜಿನ್ ಮಲಗೇ ಇರುತ್ತೆ, ಕಾರು ಜಾರ್ಕೊಂಡು ಮುಂದೆ ಹೋಗುತ್ತೆ, ಎಸಿ ಕಂಪ್ರೆಸರ್ ಕೂಡ ಕರೆಂಟಲ್ಲೇ ಓಡೋದ್ರಿಂದ ಏಪ್ರಿಲ್ ಬಿಸಿಲಲ್ಲೂ ಎಂಜಿನ್ ಇಲ್ದೇ ತಣ್ಣಗಿರುತ್ತೆ, ಬ್ಯಾಟರಿ ಇಳಿದಾಗ ಮಾತ್ರ ಎಂಜಿನ್ ಸ್ವಲ್ಪ ಹೊತ್ತು ಎದ್ದು ತುಂಬಿಸಿ ಮತ್ತೆ ಮಲಗುತ್ತೆ. ಆ ಮುಕ್ಕಾಲು ಗಂಟೆ ಟ್ರಾಫಿಕಲ್ಲಿ ಕೂತ್ಕೊಂಡು ನೋಡಿ, ಪಕ್ಕದ ಆಟೋದ ಮೀಟರ್ ಸದ್ದು ಕೇಳುತ್ತೆ, ನಿಮ್ಮ ಕಾರಿನ ಸದ್ದು ಕೇಳಲ್ಲ. ನಮ್ಮ ಗಿರಾಕಿಗಳ ಕಾರಿನ ಟ್ರಿಪ್ ಮೀಟರ್ ನಾನು ಪ್ರತಿ ಸರ್ವೀಸಲ್ಲೂ ಪುಸ್ತಕದಲ್ಲಿ ಬರ್ಕೊಳ್ತೀನಿ. ಬೆಂಗಳೂರಲ್ಲೇ ಓಡೋ ಈ ಥರದ ಸ್ಟ್ರಾಂಗ್ ಹೈಬ್ರಿಡ್ ಸೆಡಾನ್‌ಗಳು ಲೀಟರಿಗೆ 15ರಿಂದ 17 ಕೊಟ್ಟಿವೆ, ಅದೇ ಗಾತ್ರದ ಟರ್ಬೋ ಪೆಟ್ರೋಲ್‌ಗಳು 8ರ ಆಸುಪಾಸು. ವರ್ಷಕ್ಕೆ 18,000 ಕಿಲೋಮೀಟರ್, ಒಂದು 16, ಇನ್ನೊಂದು 8, ಲೀಟರಿಗೆ 100 ರೂಪಾಯಿ ಅಂತ ಇಟ್ಕೊಂಡ್ರೆ ವರ್ಷಕ್ಕೆ 1,12,500 ರೂಪಾಯಿ ವ್ಯತ್ಯಾಸ. ಎಪ್ಪತ್ತು ಲಕ್ಷದ ಕಾರು ತಗೊಳ್ಳೋರಿಗೆ ಇದೇನ್ ದೊಡ್ಡದು ಅಂತ ನೀವು ಅನ್ಬಹುದು, ಸರಿ, ದುಡ್ಡಿನ ಮಾತು ಬಿಡಿ, ಆ 1,125 ಲೀಟರ್ ಪೆಟ್ರೋಲು ಟ್ರಾಫಿಕಲ್ಲಿ ನಿಂತು ಸುಮ್ನೆ ಹೊಗೆ ಆಗೋದು ಇದ್ಯಲ್ಲ, ಆ ಹೊಗೆ ಕುಡಿಯೋರು ಪಕ್ಕದಲ್ಲಿ ಸ್ಕೂಟರ್ ಮೇಲೆ ಮಗೂನ ಮುಂದೆ ನಿಲ್ಲಿಸ್ಕೊಂಡು ಹೋಗ್ತಿರೋರು. ನಂಗೆ ಅದು ದೊಡ್ಡ ವಿಷಯಾನೇ.

ಆದ್ರೆ ನಿಮ್ಮ ಓಡಾಟ ಹುಬ್ಬಳ್ಳಿಯಿಂದ ಬೆಂಗಳೂರು, ವಾರಕ್ಕೆ ಎರಡು ಸಲ, ಬರೀ ಹೈವೇ ಅಂತಾದ್ರೆ ನಾನು ಲೆಕ್ಸಸ್ ತಗೊಳ್ಳಿ ಅನ್ನಲ್ಲ. ಮರ್ಸಿಡಿಸ್ ಇ-ಕ್ಲಾಸಿನ ಇ 220ಡಿ ಡೀಸೆಲ್ ತಗೊಳ್ಳಿ, 440 ನ್ಯೂಟನ್ ಮೀಟರು, ಒಂದು ಟ್ಯಾಂಕಲ್ಲಿ ಹೋಗಿ ಬರಬಹುದು, ಅದರಲ್ಲೂ ಅದೇ 48 ವೋಲ್ಟ್ ಸಹಾಯ ಇದೆ. ಹಾಗೇ ನೀವು ಹಿಂದಿನ ಸೀಟಲ್ಲಿ ಕೂತು ಡ್ರೈವರ್ ಕೈಲಿ ಓಡಿಸೋರಾದ್ರೆ ವೀಲ್‌ಬೇಸ್ ನೋಡಿ. ಬಿಎಂಡಬ್ಲ್ಯೂ 3,105 ಮಿಲಿಮೀಟರ್, ಮರ್ಸಿಡಿಸ್ 3,094, ಲೆಕ್ಸಸ್ 2,870. ಹೆಚ್ಚುಕಮ್ಮಿ ಒಂದು ಗೇಣು ವ್ಯತ್ಯಾಸ, ಅದು ಮಂಡಿಗೆ ಗೊತ್ತಾಗುತ್ತೆ. ಲೆಕ್ಸಸ್ಸಲ್ಲಿ ಎಂಜಿನ್ ಅಡ್ಡಕ್ಕಿದ್ದು ಮುಂದಿನ ಚಕ್ರ ಎಳೆಯೋದ್ರಿಂದ ಒಳಗೆ ಜಾಗ ತೀರಾ ಕಮ್ಮಿ ಏನಿಲ್ಲ, ಮೇಲಿನ ಮಾಡೆಲಲ್ಲಿ ಹಿಂದಿನ ಸೀಟು ಒರಗುತ್ತೆ ಕೂಡ, ಆದ್ರೂ ಆ ಗೇಣು ಗೇಣೇ.

ಘಟ್ಟದ ಬಗ್ಗೆ ಒಂದ್ ಮಾತು ಹೇಳ್ಲೇಬೇಕು, ಯಾಕಂದ್ರೆ ಇದಕ್ಕೆ ಹೆದರಿ ಫೋನ್ ಮಾಡೋರು ಜಾಸ್ತಿ. ಸಕಲೇಶಪುರದಿಂದ ಶಿರಾಡಿ ಇಳೀತಾ ಇದ್ದೀರಿ, ಮೋಟರು ಜನರೇಟರ್ ಆಗಿ ಕಾರನ್ನ ತಡೀತಾ ಬ್ಯಾಟರಿ ತುಂಬಿಸ್ತಿದೆ, ಎಲ್ಲಾ ಸದ್ದಿಲ್ಲದೇ ನಡೀತಿದೆ. ಎರಡು ಯೂನಿಟ್ಟೂ ಹಿಡಿಯದ ಬ್ಯಾಟರಿ ಅಂದ್ನಲ್ಲ, ಅದು ಘಟ್ಟದ ಅರ್ಧಕ್ಕೂ ಮುಂಚೆ ತುಂಬಿಬಿಡುತ್ತೆ. ತುಂಬಿದ ಮೇಲೆ ಬರೋ ಕರೆಂಟ್ ಎಲ್ಲಿಗೆ ಕಳಿಸೋದು? ಆಗ ಆ ಸೂರ್ಯ ಗೇರಿನ ಜನರೇಟರಿಗೆ ಕೊಟ್ಟು, ಅದನ್ನೇ ಮೋಟರ್ ಥರ ಓಡಿಸಿ ಎಂಜಿನ್ನನ್ನ ಪೆಟ್ರೋಲ್ ಇಲ್ದೇ ಸುಮ್ನೆ ತಿರುಗಿಸುತ್ತೆ, ಹಳೇ ಕಾರಲ್ಲಿ ಎರಡನೇ ಗೇರಿಗೆ ಹಾಕ್ತಿದ್ವಲ್ಲ ಅದೇ ಕೆಲಸ. ಇಳಿಜಾರಲ್ಲಿ ಇದ್ದಕ್ಕಿದ್ದಂಗೆ ಎಂಜಿನ್ ಕೂಗೋಕೆ ಶುರುವಾದ್ರೆ ಏನೋ ಕೆಟ್ಟೋಯ್ತು ಅನ್ಸುತ್ತೆ. ಏನೂ ಆಗಿಲ್ಲ, ನಿಮ್ಮ ಬ್ರೇಕ್ ಪ್ಯಾಡ್ ಉಳಿಸ್ತಿದೆ.

ಇಲ್ಲಿ ಒಂದು ವಿಷಯ, ಬಹಳ ಜನರಿಗೆ ಗೊತ್ತಿಲ್ಲ. ನೀವು ಎಕ್ಸ್‌ಪ್ರೆಸ್‌ವೇಲಿ ಹೋಗುವಾಗ ಪಕ್ಕದಲ್ಲೇ ಬಿಟ್ಟು ಹೋಗ್ತೀರಲ್ಲ ಬಿಡದಿ, ಈ ಯಂತ್ರ ನಮ್ಮ ದೇಶಕ್ಕೆ ಜೋಡಣೆ ಆಗೋಕೆ ಶುರುವಾಗಿದ್ದೇ ಅಲ್ಲಿ. 2013ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಅಲ್ಲಿ ಕ್ಯಾಮ್ರಿ ಹೈಬ್ರಿಡ್ ಜೋಡಿಸೋಕೆ ಶುರು ಮಾಡ್ತು, 2020ರಲ್ಲಿ ಅದೇ ಜಾಗದಲ್ಲಿ ಲೆಕ್ಸಸ್ ಇಎಸ್ 300ಎಚ್. ನಾನು ಟ್ರೈನಿಂಗಿಗೆ ಹೋಗಿದ್ದಾಗ ನನ್ನ ಪಕ್ಕ ಕೂತಿದ್ದ ಹುಡುಗ ಮಾಗಡಿಯೋನು, ಐಟಿಐ ಓದಿದೋನು, ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್ ಮುಟ್ಟೋ ಮುಂಚೆ ಗ್ಲೌಸಿಗೆ ಗಾಳಿ ತುಂಬಿ ತೂತಿದ್ಯಾ ಅಂತ ಹೆಂಗೆ ನೋಡ್ಬೇಕು ಅನ್ನೋದನ್ನ ನಂಗೆ ಹೇಳ್ಕೊಟ್ಟಿದ್ದು ಅವನೇ. ಗ್ಲೌಸಿನ ಬಾಯಿ ಮಡಚಿ ಸುತ್ತಿ, ಬೆರಳು ಉಬ್ಬಿದ ಮೇಲೆ ಕೆನ್ನೆ ಹತ್ರ ಹಿಡಿಯೋದು, ಗಾಳಿ ಸೋರಿದ್ರೆ ಕೆನ್ನೆಗೆ ತಾಗುತ್ತೆ. ಇವತ್ತಿಗೂ ನಮ್ಮ ಗ್ಯಾರೇಜಲ್ಲಿ ಹುಡುಗ್ರು ಹಂಗೇ ಮಾಡ್ತಾರೆ.

ಕ್ಯಾಮ್ರಿ ಹೆಸರು ಬಂತಲ್ಲ, ಅದನ್ನ ಸುಮ್ನೆ ಬಿಡೋ ಹಾಗಿಲ್ಲ. 2024ರ ಡಿಸೆಂಬರಲ್ಲಿ ಹೊಸ ಕ್ಯಾಮ್ರಿ ಬಂತು, 48 ಲಕ್ಷ, 230 ಪಿಎಸ್, ಸರ್ಟಿಫೈ ಆದ ಮೈಲೇಜು ಲೀಟರಿಗೆ 25.49 ಕಿಲೋಮೀಟರು. ಇಎಸ್ ಮತ್ತೆ ಕ್ಯಾಮ್ರಿ ಎರಡರದ್ದೂ ಒಂದೇ ಥರದ ಎಂಜಿನ್ನು, ಒಂದೇ ಥರದ ಗೇರ್ ಸೆಟ್ಟು, ತಳಪಾಯಾನೂ ಒಂದೇ. ಲೆಕ್ಸಸ್ಸಲ್ಲಿ ಬಾಗಿಲು ಮುಚ್ಚೋ ಸದ್ದು, ಚರ್ಮದ ಹೊಲಿಗೆ, ಮಾರ್ಕ್ ಲೆವಿನ್ಸನ್ ಸ್ಪೀಕರು, ಒಳಗಿನ ನಿಶ್ಶಬ್ದ, ಇವು ಬೇರೆ ಮಟ್ಟದಲ್ಲಿವೆ, ಅದಕ್ಕೆ ದುಡ್ಡು ಕೊಡೋದ್ರಲ್ಲಿ ತಪ್ಪಿಲ್ಲ. ಆದ್ರೆ ಹೈಬ್ರಿಡ್ಡಿಗೋಸ್ಕರ ಅಂತ ನೀವು ತಗೊಳ್ತಿದ್ರೆ ಕ್ಯಾಮ್ರಿಯಲ್ಲೇ ಅದು ಪೂರ್ತಿ ಸಿಗುತ್ತೆ. ಡಾಕ್ಟರಿಗೂ ನಾನು ಇದನ್ನೇ ಹೇಳಿದೆ. ಅವರು ದಿನಾ ಮೈಸೂರಿನ ಜಯಲಕ್ಷ್ಮೀಪುರಂನಿಂದ ಆಸ್ಪತ್ರೆಗೆ ಆರು ಕಿಲೋಮೀಟರು, ವಾರಕ್ಕೊಂದು ಸಲ ಬೆಂಗಳೂರು.

ಮೂರನೇ ಥರದ ಹೈಬ್ರಿಡ್ ಇನ್ನೂ ಹೇಳಿಲ್ಲ, ಪ್ಲಗ್-ಇನ್, ಅಂದ್ರೆ ಪ್ಲಗ್ ಹಾಕಿ ಬ್ಯಾಟರಿ ಚಾರ್ಜ್ ಮಾಡೋ ಹೈಬ್ರಿಡ್. ನನ್ನ ತಂಗಿ ಮಗ ಸ್ಟುಟ್‌ಗಾರ್ಟಲ್ಲಿ ಇದ್ದಾನೆ, ಅವನ ಆಫೀಸು ಕಾರು ಕೊಡುತ್ತೆ. ಅಲ್ಲಿ ಇ-ಕ್ಲಾಸಲ್ಲೇ ಇ 300ಇ ಅಂತ ಒಂದಿದೆ, 5 ಸೀರೀಸಲ್ಲಿ 530ಇ. ಎರಡರಲ್ಲೂ ಹತ್ರಹತ್ರ 19 ಯೂನಿಟ್ ಬಳಸೋಕೆ ಸಿಗೋ ಬ್ಯಾಟರಿ, ಅಂದ್ರೆ ಇಎಸ್‌ಗಿಂತ ಹತ್ತು ಪಟ್ಟು, ಮನೇಲಿ ಚಾರ್ಜ್ ಮಾಡಿದ್ರೆ ಅಲ್ಲಿನ ಟೆಸ್ಟ್ ಲೆಕ್ಕದಲ್ಲಿ 100 ಕಿಲೋಮೀಟರ್ ಆಸುಪಾಸು ಪೆಟ್ರೋಲ್ ಇಲ್ದೇ ಓಡ್ತವೆ. ಬಿಎಂಡಬ್ಲ್ಯೂ 299 ಹಾರ್ಸ್‌ಪವರು, ಮರ್ಸಿಡಿಸ್ 313, ವೇಗಾನೂ ಇದೆ, ಮಿತವ್ಯಯಾನೂ ಇದೆ. ಕೇಳೋಕೆ ಇದೇ ಎಲ್ಲಕ್ಕಿಂತ ಒಳ್ಳೇದು ಅನ್ಸುತ್ತೆ, ಚಾರ್ಜ್ ಮಾಡಿದ್ರೆ ನಿಜವಾಗ್ಲೂ ಒಳ್ಳೇದೇ. ಜರ್ಮನಿಯಲ್ಲಿ ಆಫೀಸ್ ಕಾರನ್ನ ಸ್ವಂತಕ್ಕೂ ಓಡಿಸಿದ್ರೆ ತಿಂಗಳಿಗೆ ಕಾರಿನ ಲಿಸ್ಟ್ ಬೆಲೆಯ 1 ಪರ್ಸೆಂಟನ್ನ ಸಂಬಳಕ್ಕೆ ಸೇರಿಸಿ ಟ್ಯಾಕ್ಸ್ ಹಾಕ್ತಾರೆ, ನಿಯಮಕ್ಕೆ ಹೊಂದೋ ಪ್ಲಗ್-ಇನ್ ಆದ್ರೆ ಅರ್ಧ ಪರ್ಸೆಂಟ್. ಹಂಗಾಗಿ ಟ್ಯಾಕ್ಸಿಗೋಸ್ಕರ ತಗೊಳ್ಳೋರು ಬಹಳ, ಅವನ ಆಫೀಸಿನ ಪಾರ್ಕಿಂಗಲ್ಲಿ ವಾಪಸ್ ಬಂದ ಕಾರುಗಳ ಡಿಕ್ಕಿಯಲ್ಲಿ ಚಾರ್ಜಿಂಗ್ ಕೇಬಲ್ಲು ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೇ ಇರುತ್ತೆ ಅಂತ ಹೇಳ್ತಾನೆ. 2024ರಲ್ಲಿ ಯುರೋಪಿಯನ್ ಕಮಿಷನ್ ಲಕ್ಷಾಂತರ ಕಾರುಗಳ ಒಳಗಿನ ಮೀಟರಿಂದಲೇ ತೆಗೆದ ಲೆಕ್ಕ ಹೊರಗೆ ಬಿಡ್ತು, ಪ್ಲಗ್-ಇನ್‌ಗಳು ರಸ್ತೆ ಮೇಲೆ ಬಿಡೋ ಇಂಗಾಲ ಟೆಸ್ಟಲ್ಲಿ ತೋರಿಸಿದ್ದಕ್ಕಿಂತ ಸರಾಸರಿ 3.5 ಪಟ್ಟು. ಪ್ಲಗ್ ಇಲ್ಲದ ಇಎಸ್‌ನಲ್ಲಿ ಈ ಸಮಸ್ಯೆ ಬರೋ ಹಾಗೇ ಇಲ್ಲ, ಅದು ಯಾರ ಅಭ್ಯಾಸದ ಮೇಲೂ ನಿಂತಿಲ್ಲ.

ನಮ್ಮಲ್ಲಿ ಈ ಎರಡು ಜರ್ಮನ್ ಪ್ಲಗ್-ಇನ್ ಸೆಡಾನ್ ಯಾಕೆ ಕಾಣಲ್ಲ ಅಂದ್ರೆ ತೆರಿಗೆ ನೋಡಿ. 2017ರಲ್ಲಿ ಜಿಎಸ್‌ಟಿ ಬಂದಾಗ ಪ್ಲಗ್-ಇನ್ ಸೇರಿ ಈ ಗಾತ್ರದ ಹೈಬ್ರಿಡ್‌ಗೆ 28 ಪರ್ಸೆಂಟು, ಮೇಲೆ 15 ಸೆಸ್ಸು, ಒಟ್ಟು 43. ಎಲೆಕ್ಟ್ರಿಕ್‌ಗೆ 12 ಇದ್ದಿದ್ದು 2019ರಲ್ಲಿ 5ಕ್ಕೆ ಇಳೀತು. 2025ರ ಸೆಪ್ಟೆಂಬರಲ್ಲಿ ಸೆಸ್ ತೆಗೆದು ಎಲೆಕ್ಟ್ರಿಕ್ ಬಿಟ್ಟು ದೊಡ್ಡ ಕಾರುಗಳಿಗೆಲ್ಲ 40 ಮಾಡಿದ್ರು, ಹೈಬ್ರಿಡ್ಡೂ 40, ಬರೀ ಪೆಟ್ರೋಲೂ 40. ಕರ್ನಾಟಕದಲ್ಲಿ 20 ಲಕ್ಷದ ಮೇಲಿನ ಕಾರಿಗೆ ರೋಡ್ ಟ್ಯಾಕ್ಸು 18 ಪರ್ಸೆಂಟು, ಸೆಸ್ ಬೇರೆ, ಲೀಟರಿಗೆ 8 ಕೊಡೋ ಕಾರಿಗೂ 16 ಕೊಡೋ ಕಾರಿಗೂ ಒಂದೇ. ಉತ್ತರ ಪ್ರದೇಶದಲ್ಲಿ 2024ರಲ್ಲಿ ಸ್ಟ್ರಾಂಗ್ ಹೈಬ್ರಿಡ್ಡಿಗೆ ನೋಂದಣಿ ತೆರಿಗೆ ಬಿಟ್ರು. ಕಾರು ಜೋಡಿಸೋದು ನಮ್ಮ ಬಿಡದಿಯಲ್ಲಿ, ರಿಯಾಯ್ತಿ ಸಿಕ್ಕಿದ್ದು ಲಖನೌದವರಿಗೆ. ಇದು ನಂಗೆ ನಿಜವಾಗ್ಲೂ ನೋವಿನ ವಿಷಯ.

ಹಿಂದಿನ ಸಾಲಿಂದ ಒಬ್ರು ಸೆಕೆಂಡ್ ಹ್ಯಾಂಡ್ ತಗೋಬಹುದಾ, ಬ್ಯಾಟರಿ ಹೋದ್ರೆ ಏನ್ ಗತಿ ಅಂತ ಕೇಳಿದ್ರು. ತಗೋಬಹುದು, ಆದ್ರೆ ಎರಡು ಕಡೆ ನೋಡಿ. ಒಂದು, ಈ ಕಾರುಗಳಲ್ಲಿ ದೊಡ್ಡ ಬ್ಯಾಟರಿ ಜೊತೆ ಮಾಮೂಲಿ 12 ವೋಲ್ಟ್ ಬ್ಯಾಟರೀನೂ ಇರುತ್ತೆ. ಮೂರು ವಾರ ಏರ್‌ಪೋರ್ಟಲ್ಲಿ ನಿಲ್ಲಿಸಿ ಬಂದ್ರೆ ಆ ಚಿಕ್ಕದು ಇಳಿದುಬಿಟ್ಟಿರುತ್ತೆ, ದೊಡ್ಡದು ತುಂಬಿದ್ರೂ ಕಾರು ಎಚ್ಚರ ಆಗಲ್ಲ, ಡ್ಯಾಶಲ್ಲಿ ರೆಡಿ ಅಂತ ಬರೋದೇ ಇಲ್ಲ. ಹೈಬ್ರಿಡ್ ಬ್ಯಾಟರಿ ಹೋಯ್ತು ಅಂತ ಟೋ ಮಾಡಿಸ್ಕೊಂಡು ಬಂದೋರು ಇದ್ದಾರೆ, ಜಂಪ್ ಕೊಟ್ರೆ ಎರಡು ನಿಮಿಷದ ಕೆಲಸ.

ಎರಡನೇದು, ಹಿಂದಿನ ಸೀಟಿನ ಕೆಳಗಿನ ಜಾಲರಿ. ಬ್ಯಾಟರಿ ತಣ್ಣಗಾಗೋಕೆ ಕ್ಯಾಬಿನ್ ಒಳಗಿನ ಗಾಳಿಯನ್ನೇ ಅದು ಅಲ್ಲಿಂದ ಎಳ್ಕೊಳ್ಳುತ್ತೆ. ಒಂದು ಹೈಬ್ರಿಡ್ ಸೆಡಾನ್ ನನ್ನ ಹತ್ರ ಬಂತು, ಓನರ್ ಸೀರೆ ವ್ಯಾಪಾರದೋರು, ವಾರ್ನಿಂಗ್ ಲೈಟ್ ಬರ್ತಿದೆ, ಬೇರೆ ಒಂದು ವರ್ಕ್‌ಶಾಪಲ್ಲಿ ಬ್ಯಾಟರಿ ಪೂರ್ತಿ ಬದಲಾಯಿಸ್ಬೇಕು, ಲಕ್ಷಗಟ್ಟಲೆ ಆಗುತ್ತೆ ಅಂತ ಬರ್ದು ಕೊಟ್ಟಿದ್ರು. ಸೀಟು ಎತ್ತಿ ಜಾಲರಿ ಬಿಚ್ಚಿದ್ರೆ ಒಳಗಿನ ಫಿಲ್ಟರ್ ಮೇಲೆ ಬಣ್ಣಬಣ್ಣದ ನೂಲಿನ ಎಳೆ, ಧೂಳು ಸೇರಿ ಕಂಬಳಿ ಥರ ಗಟ್ಟಿಯಾಗಿ ಕೂತಿತ್ತು, ಬೆರಳಲ್ಲಿ ಹಿಡಿದು ಎಳೆದ್ರೆ ಒಂದೇ ಹಾಳೆ ಹಂಗೆ ಎದ್ದು ಬಂತು. ಫ್ಯಾನ್ ಬಿಚ್ಚಿ ಬ್ರಷ್ಷಲ್ಲಿ ಉಜ್ಜಿ, ಸ್ಕ್ಯಾನರ್ ಹಾಕಿ ಒಂದೊಂದು ಬ್ಲಾಕಿನ ವೋಲ್ಟೇಜ್ ನೋಡಿದ್ವಿ, ಎಲ್ಲಾ ಸಮ ಇತ್ತು. ಅವರು ಸೀರೆ ಬಂಡಲ್ಲುಗಳನ್ನ ಈಗ ಡಿಕ್ಕಿಯಲ್ಲಿ ಇಡ್ತಾರೆ, ಆರು ತಿಂಗಳಿಗೊಂದ್ಸಲ ಜಾಲರಿ ಕ್ಲೀನ್ ಮಾಡಿಸೋಕೆ ಬರ್ತಾರೆ, ಹೋದ ವಾರ ಬಂದಾಗ ಓಡೋಮೀಟರಲ್ಲಿ 1,84,000 ಇತ್ತು, ಬ್ಯಾಟರಿ ಅದೇ.